ಏಳನೇ ಶಟರು

ರೈಲು ಹಳಿ ಇಲ್ಲದ ಜಿಲ್ಲೆ ನಮ್ಮದು.
ಉಪ್ಪು, ಸಿಮೆಂಟು, ಮಕ್ಕಳ ಯೂನಿಫಾರ್ಮು,
ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಕೂಡ
ಆನೆಕಾಡು ದಾಟಿ, ಬೋಯಿಕೇರಿಯ ತಿರುವು ಹತ್ತಿ
ಡೀಸೆಲಿನ ಹೆಗಲೇರಿಯೇ ಮಡಿಕೇರಿ ಸೇರಬೇಕು.
ಗೊತ್ತಿತ್ತು ನನಗೆ. ಲೆಕ್ಕ ಹಾಕಿರಲಿಲ್ಲ, ಅಷ್ಟೆ.

ನಾನು ಮೊಣ್ಣಪ್ಪ. ಕೀಲಿಕೈ ಮೊಣ್ಣಪ್ಪ ಅನ್ನುತ್ತಾರೆ.
ಕಾಲೇಜು ರಸ್ತೆಯಿಂದ ಬಸ್ ಸ್ಟ್ಯಾಂಡಿನ ತನಕ
ಯಾವ ಮಳಿಗೆ ಯಾರದ್ದು, ಅಡ್ವಾನ್ಸ್ ಎಷ್ಟು,
ಯಾವ ಗೋಡೆ ಜೂನಿನಲ್ಲಿ ಬೆವರುತ್ತದೆ,
ಎಲ್ಲ ನನ್ನ ಸೊಂಟದ ಗೊಂಚಲಿಗೆ ಗೊತ್ತು.
ಒಂದು ತಿಂಗಳ ಬಾಡಿಗೆ ನನ್ನ ಕಮಿಷನ್.
ಹದಿನೆಂಟು ವರ್ಷದಲ್ಲಿ ಯಾರೂ ಚೌಕಾಸಿ ಮಾಡಿಲ್ಲ
ಎಂದರೆ ಸುಳ್ಳು. ಮಾಡಿದ್ದಾರೆ, ಗೆದ್ದಿಲ್ಲ.

ದೇಚಮ್ಮನವರ ಕಾಂಪ್ಲೆಕ್ಸಿಗೆ ಎಂಟು ಶಟರು.
ಏಳನೆಯದು ಮೊಯ್ದುವಿನದು:
ಮನೆಯಲ್ಲೇ ಮಾಡಿದ ಚಾಕೊಲೇಟು, ಏಲಕ್ಕಿ, ಜೇನು.
ಶನಿವಾರ ಹತ್ತು ಗಂಟೆಗೆ ಹೊರಗಿನ ಮೊದಲ ಕಾರು ನಿಂತರೆ
ತಟ್ಟೆಯಲ್ಲಿ ಚೂರುಗಳನ್ನಿಟ್ಟು ಓಡುತ್ತಿದ್ದ,
ಬೀಗರನ್ನು ಇದಿರುಗೊಳ್ಳುವವನ ಹಾಗೆ.

ಪೆಟ್ರೋಲು ಏರಿದ ವಾರ ಏನೂ ಆಗಲಿಲ್ಲ.
ಆಮೇಲೂ ಕಾರುಗಳು ಬಂದವು,
ಆದರೆ ಎರಡು ಕಾರಿನ ಜನ ಒಂದರಲ್ಲಿ,
ತೊಡೆಯ ಮೇಲೆ ಮನೆಯ ಪುಳಿಯೋಗರೆ ಡಬ್ಬಿ.
ರುಚಿ ನೋಡಿದವರು ಅಷ್ಟೇ, ಕೊಂಡವರು ಕಡಿಮೆ.
ಲಾರಿಯವರು ಮೂಟೆಗೆ ಇಷ್ಟೆಂದು ಏರಿಸಿದರು.
ಘಾಟಿ ಹತ್ತುತ್ತಲೇ ಸಕ್ಕರೆ
ಅರ್ಧ ಲಾಭವನ್ನು ಕುಡಿದುಬಿಟ್ಟಿತ್ತು.
ಬಾಡಿಗೆ ಮಾತ್ರ ಕರಾರಿನಂತೆ ವರ್ಷಕ್ಕೆ ಹತ್ತು ಪರ್ಸೆಂಟು ಮೇಲೆ.
ಛಾಪಾ ಕಾಗದಕ್ಕೆ ಬಂಕಿನ ಮೀಟರು ಕಾಣುವುದಿಲ್ಲ.

ಆರನೇ ತಾರೀಖು ಮೊಯ್ದು ಕೀಲಿ ತಂದುಕೊಟ್ಟ.
ಕರೆಂಟು, ಸುಣ್ಣಬಣ್ಣ, ಮೂರು ತಿಂಗಳ ಬಾಕಿ ಕಳೆದು
ಉಳಿದದ್ದನ್ನು ಎರಡು ಸಲ ಎಣಿಸಿ ಕೇಳಿದ:
'ಸ್ಕೂಟರಿಗೆ ಎಷ್ಟು ಹಾಕಿಸ್ತೀರಿ ಅಣ್ಣ?'
'ನೂರು. ಯಾವಾಗಲೂ ನೂರೇ.
ಮೊದಲು ನಾಪೋಕ್ಲಿಗೆ ಹೋಗಿ ಬರುತ್ತಿತ್ತು,
ಈಗ ಹೋಗುತ್ತೆ.'
ಅವನು ನಕ್ಕ. ನಾನು ರಸೀದಿ ಹರಿದುಕೊಟ್ಟೆ.

ಏಪ್ರಿಲಿನಲ್ಲಿ ದೇಚಮ್ಮನವರ ಫೋನು,
ಚೆಟ್ಟಳ್ಳಿ ದಾರಿಯ ತೋಟದಿಂದ:
'ಮೊಣ್ಣಪ್ಪ, ನನ್ನ ಜೀಪಿನ ಶೆಡ್ಡು ಎಷ್ಟಕ್ಕೆ ಹೋದೀತು?'
ತಮಾಷೆ ಅಂದುಕೊಂಡೆ. ಟೇಪು ಹಿಡಿದು ಹೋದೆ.
ಜೀಪು ಹಲಸಿನ ಮರದಡಿಗೆ ಬಂದು ನಿಂತಿತ್ತು,
ಡ್ರೈವರ್ ಸೀಟಿನಲ್ಲಿ ಕಾವಿಗೆ ಕುಳಿತ ಕೋಳಿ
ನನ್ನನ್ನು ನೋಡಿ ಹಾರನ್ನಿಗಿಂತ ಜೋರಾಗಿ ಕೂಗಿತು.
ಹತ್ತಡಿ ಅಗಲ, ಹದಿನೆಂಟಡಿ ಉದ್ದ,
ಮುಂದೆ ಮೂರು ದಾರಿ ಕೂಡುವ ಜಾಗ.
ಅಲ್ಲಿ ಚದರಡಿಗೆ ರೇಟು ಅಂತ
ಈವರೆಗೆ ಯಾರ ಬಾಯಲ್ಲೂ ಹುಟ್ಟಿರಲಿಲ್ಲ.

ಲೈನ್ ಮನೆಯ ಹೆಂಗಸರು ಬಟವಾಡೆಯ ದಿನ
ಜೀಪು ಹಿಡಿದು ಪೇಟೆಗೆ ಹೋಗುವುದನ್ನು ಬಿಟ್ಟಿದ್ದರು.
ಹೋಗಿಬರುವ ಚಾರ್ಜಿನಲ್ಲಿ ಎರಡು ಸೇರು ಅಕ್ಕಿ ಬರುತ್ತದಲ್ಲ.
ವ್ಯಾಪಾರ ಸತ್ತಿರಲಿಲ್ಲ,
ಗಾಡಿಯಿಂದಿಳಿದು ನಡೆಯತೊಡಗಿತ್ತು,
ನಾನೇ ಅದನ್ನು ಹೆದ್ದಾರಿಯಲ್ಲಿ ಹುಡುಕುತ್ತಿದ್ದೆ.

ಈಗ ಶೆಡ್ಡಿನಲ್ಲಿ ಮೊಯ್ದು:
ಅಕ್ಕಿ, ಒಣಮೀನು, ಹವಾಯಿ ಚಪ್ಪಲಿ, ರೀಚಾರ್ಜು.
ನೆಲದ ಆಯಿಲ್ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.
ಮೇಲೆ ಹಲಗೆ ಹಾಸಿ ಮೂಟೆ ಇಟ್ಟಿದ್ದಾನೆ.
'ಅಕ್ಕಿ ಜೀಪಿನ ವಾಸನೆ ಹೊಡೆಯುತ್ತೆ' ಅಂದಳು ಒಬ್ಬಳು,
ಅಂದವಳೇ ಮೂರು ಕಿಲೋ ಅಳೆಸಿಕೊಂಡಳು.
ಬಾಡಿಗೆ ಏಳನೇ ಶಟರಿನ ಏಳರಲ್ಲೊಂದು ಪಾಲು,
ನನ್ನ ಕಮಿಷನ್ನೂ ಅಷ್ಟೇ. ಅವತ್ತು ನಾನೇ ಚೌಕಾಸಿ ಮಾಡಿದೆ,
ದೇಚಮ್ಮನವರು ಗೆದ್ದರು, ಒಂದು ಹಲಸಿನ ಹಣ್ಣು ಕೊಟ್ಟರು.
ಅದನ್ನು ಸ್ಕೂಟರಿನ ಮುಂದಿಟ್ಟುಕೊಂಡು
ಇಳಿಜಾರು ಬಂದಲ್ಲೆಲ್ಲ ಎಂಜಿನ್ ಆಫ್ ಮಾಡಿ ಬಂದೆ.

ಕಾಂಪ್ಲೆಕ್ಸಿನ ಬೋರ್ಡಿನಲ್ಲಿ ನನ್ನ ನಂಬರು ಮಾಸಿದೆ,
ಕೊನೆಯ ಎಂಟು ಮೂರರ ಹಾಗೆ ಕಾಣುತ್ತದೆ.
ನಿನ್ನೆ ಯಾರೋ ಸರಿಯಾಗಿಯೇ ಓದಿ ಫೋನು ಮಾಡಿದರು,
ಮೈಸೂರಿನ ಪಾರ್ಟಿ.
ಬಾಡಿಗೆ ಕೇಳಲಿಲ್ಲ, ಅಡ್ವಾನ್ಸ್ ಕೇಳಲಿಲ್ಲ.
'ಮುಂದೆ ಕಾರು ನಿಲ್ಲಿಸೋಕೆ ಜಾಗ ಉಂಟಾ?'
ರಸ್ತೆ ನೋಡಿದೆ. ಒಂದು ನಾಯಿ
ಬಿಳಿ ಗೆರೆಗಳ ನಡುವೆ ಅಡ್ಡಡ್ಡ ಮಲಗಿತ್ತು.
'ಉಂಟು ಸಾರ್' ಅಂದೆ,
'ಎಷ್ಟು ಬೇಕೋ ಅಷ್ಟು.'